ಇರಾನಿನ ಮೌಜ್ ವರ್ಗದ ಯುದ್ಧನೌಕೆಗಳು ಹಳೆಯ ಬ್ರಿಟಿಷ್ ಹಡಗುಗಳಂತೆ ಕಾಣುವುದೇಕೆ?

ಅವುಗಳ ಮೂಲ ವಿನ್ಯಾಸವೇ ಬ್ರಿಟಿಷರದು. ಷಾ (ಇರಾನಿನ ದೊರೆ) ಕಾಲದಲ್ಲಿ ಇರಾನ್ ಬ್ರಿಟನ್ನಿನಿಂದ ಅಲ್ವಂದ್ ವರ್ಗದ ನಾಲ್ಕು ಫ್ರಿಗೇಟ್‌ಗಳನ್ನು (ಮಧ್ಯಮ ಗಾತ್ರದ ಯುದ್ಧನೌಕೆ) ಕೊಂಡಿತ್ತು. 1979ರ ಕ್ರಾಂತಿಯ ನಂತರ ಪಶ್ಚಿಮದ ಬಾಗಿಲು ಮುಚ್ಚಿತು, ಬಿಡಿಭಾಗವೂ ಸಿಗದಾಯಿತು. ಇದ್ದುದನ್ನೇ ಬಿಚ್ಚಿ, ರಿಪೇರಿ ಮಾಡಿ, ಭಾಗಗಳನ್ನು ತಾವೇ ತಯಾರಿಸುತ್ತಾ ಇರಾನಿಯರು ಆ ಹಡಗನ್ನು ಒಳಹೊರಗೆ ಅರಿತರು. ಹೊಸದನ್ನು ಕಟ್ಟುವಾಗ ಗೊತ್ತಿದ್ದ ಒಡಲನ್ನೇ ಆಧಾರವಾಗಿಟ್ಟುಕೊಂಡರು. ಹಾಗೆ ಹುಟ್ಟಿದ ಮೊದಲ ನೌಕೆ ‘ಜಮಾರಾನ್’ 2010ರಲ್ಲಿ ಸೇವೆಗೆ ಬಂತು. ಹೆಲಿಕಾಪ್ಟರ್ ಇಳಿದಾಣ, ಹೊಸ ಕ್ಷಿಪಣಿಗಳು ಇರಾನಿನ ಸೇರ್ಪಡೆ. ಇರಾನ್ ಇದನ್ನು ‘ಡಿಸ್ಟ್ರಾಯರ್’ (ಸಾಮಾನ್ಯವಾಗಿ ಫ್ರಿಗೇಟ್‌ಗಿಂತ ದೊಡ್ಡ ಯುದ್ಧನೌಕೆ) ಎನ್ನುತ್ತದೆ. ಸುಮಾರು 1,500 ಟನ್ನಿನ ಹಡಗಿಗೆ ಅದು ಸ್ವಲ್ಪ ದೊಡ್ಡ ಹೆಸರೇ!