ಗಡುವು ದಾಟಿದ ಮೇಲೆ ಮತ

ಪ್ರಶ್ನೆ: ಅಮೆರಿಕದ ಸಂಸತ್ತಿಗೆ ತೆರಿಗೆ, ಬಜೆಟ್ ಗಡುವುಗಳು ತಿಂಗಳುಗಟ್ಟಲೆ ಮೊದಲೇ ಗೊತ್ತಿರುತ್ತವೆ. ಆದರೂ ಕೊನೇ ರಾತ್ರಿವರೆಗೆ ಎಳೆಯುತ್ತಾರೆ. ಅಷ್ಟೊಂದು ಸೋಮಾರಿತನವೇ?

ಉತ್ತರ: ನಾನೂ ಹಾಗೇ ಅಂದುಕೊಂಡಿದ್ದೆ. 2012ರ ಡಿಸೆಂಬರ್ 31ರವರೆಗೆ.

ಆಗ ನಾನು ಅಲ್ಲೇ ಒಂದು ಕಂಪನಿಯ ಸಂಬಳದ ವಿಭಾಗದಲ್ಲಿದ್ದೆ. ಬುಷ್ ಕಾಲದ ತೆರಿಗೆ ರಿಯಾಯಿತಿಗಳು ಆ ಮಧ್ಯರಾತ್ರಿಗೆ ಮುಗಿಯಬೇಕಿತ್ತು. ನಿಜಕ್ಕೂ 2010ರಲ್ಲೇ ಮುಗಿಯಬೇಕಾಗಿದ್ದವು, ಎರಡು ವರ್ಷ ಮುಂದಕ್ಕೆ ಹಾಕಿದ್ದರು. ಸಂಬಳದಲ್ಲಿ ಎಷ್ಟು ತೆರಿಗೆ ಹಿಡಿಯಬೇಕು ಅಂತ ನಾನು ಎರಡು ಪಟ್ಟಿ ಮಾಡಿಟ್ಟುಕೊಂಡಿದ್ದೆ. ಒಂದರ ಮೇಲೆ ಪೆನ್ಸಿಲ್‌ನಲ್ಲಿ ‘ಒಪ್ಪಂದ ಆದರೆ’, ಇನ್ನೊಂದರ ಮೇಲೆ ‘ಆಗದಿದ್ದರೆ’.

ಮಧ್ಯರಾತ್ರಿ ಕಳೆಯಿತು. ಬೆಳಗಿನ ಜಾವ ಎರಡರ ಹೊತ್ತಿಗೆ ಮೇಲ್ಮನೆ ಸೆನೆಟ್, ಶ್ರೀಮಂತರನ್ನು ಬಿಟ್ಟು ಉಳಿದವರ ರಿಯಾಯಿತಿ ಉಳಿಸುವ ಮಸೂದೆಯನ್ನು 89–8ರಿಂದ ಒಪ್ಪಿತು. ಕೆಳಮನೆ ಒಪ್ಪಿದ್ದು ಜನವರಿ 1ರ ರಾತ್ರಿ, 257–167ರಿಂದ. ಗಡುವು ಮುಗಿದು ಹತ್ತಿರ ಹತ್ತಿರ ಒಂದು ದಿನ!

ಚಮತ್ಕಾರ ಇರುವುದೇ ಇಲ್ಲಿ. ತೆರಿಗೆ ಏರಿಸುವುದಕ್ಕೆ ಕೈ ಎತ್ತುವುದಿಲ್ಲ ಅಂತ ಬಹುಪಾಲು ರಿಪಬ್ಲಿಕನ್ನರು ಬರೆದುಕೊಟ್ಟಿದ್ದರು. 31ಕ್ಕೇ ಒಪ್ಪಿದ್ದರೆ ಶ್ರೀಮಂತರ ತೆರಿಗೆ ಏರಿಸಿದ ಹಾಗೆ. ಆದರೆ 1ನೇ ತಾರೀಖಿಗೆ ಕಾನೂನಿನ ಪ್ರಕಾರ ಎಲ್ಲರ ತೆರಿಗೆಯೂ ತಾನಾಗಿ ಏರಿತ್ತು. ಈಗ ಅದೇ ಮಸೂದೆಗೆ ಕೈ ಎತ್ತಿದರೆ ಇಳಿಸಿದ ಹಾಗೆ, ಅಲ್ವಾ? ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತೀವಿ. ಇವರು ಸೂರೆ ಹೋಗಲಿ ಅಂತಲೇ ಕಾದರು.

ಅದೇ ಹೊತ್ತಿಗೆ ತಾನಾಗಿ ಜಾರಿಯಾಗಬೇಕಿದ್ದ ಸರ್ಕಾರಿ ಖರ್ಚಿನ ಕಡಿತ? ಅದನ್ನು ಎರಡು ತಿಂಗಳು ಮುಂದೂಡಿದರು. ವಾರ್ಷಿಕ ಖರ್ಚಿನ ಮಸೂದೆಗಳ ಕತೆಯೂ ಅಷ್ಟೇ. ಅಕ್ಟೋಬರ್ 1ರೊಳಗೆ ಆಗಬೇಕಾದವು. ಸದ್ಯಕ್ಕೆ ಅಂತ ಒಂದು ತಾತ್ಕಾಲಿಕ ಮಸೂದೆ ತಂದು ನೂಕುತ್ತಾರೆ. ಅದೂ ಆಗದಿದ್ದರೆ ಸರ್ಕಾರಿ ಕಚೇರಿಗಳಿಗೆ ಬೀಗ. 2018–19ರಲ್ಲಿ 35 ದಿನ, 2025ರಲ್ಲಿ 43 ದಿನ ಹೀಗಾಯಿತು.

2012ರ ಆ ಗದ್ದಲದಲ್ಲಿ ಒಂದು ರಿಯಾಯಿತಿ ಸದ್ದಿಲ್ಲದೆ ಸತ್ತಿತು. ಸೋಷಿಯಲ್ ಸೆಕ್ಯುರಿಟಿಗೆ, ಅಂದರೆ ಸರ್ಕಾರಿ ಪಿಂಚಣಿ ಯೋಜನೆಗೆ, ಸಂಬಳದಲ್ಲಿ ಹಿಡಿಯುವ 4.2% ಮತ್ತೆ 6.2% ಆಯಿತು. 50,000 ಡಾಲರ್ ಸಂಬಳದವರಿಗೆ ವರ್ಷಕ್ಕೆ 1,000 ಡಾಲರ್ ಖೋತಾ. “ನನ್ನ ದುಡ್ಡು ಎಲ್ಲಿ ಹೋಯಿತು?” ಅಂತ ಜನ ಫೋನ್ ಮಾಡಿದ್ದು ನನಗೆ, ಸೆನೆಟರಿಗಲ್ಲ.

ಹೀಗಾಗಿ ನನ್ನ ಎರಡು ಪಟ್ಟಿಯಲ್ಲಿ ಒಂದೂ ಕೆಲಸಕ್ಕೆ ಬರಲಿಲ್ಲ. ಜನವರಿ 3ಕ್ಕೆ ತೆರಿಗೆ ಇಲಾಖೆ ಮೂರನೆಯದನ್ನು ಕಳಿಸಿತು. ಹೊಸ ದರ ಜಾರಿಗೆ ತರಲು ನಮಗೆ ಫೆಬ್ರವರಿ 15ರ ಗಡುವು. ನಾವು ಮುಂದಿನ ವಾರದ ಸಂಬಳಕ್ಕೇ ಹಾಕಿ ಮುಗಿಸಿದೆವು.