ಬೇಕು ಅಂತ ಗುದ್ದಿಲ್ಲ ಅಂದ್ರೆ 281 ಕೇಸ್ ಬಿದ್ದೋಗುತ್ತಾ?

ತಮ್ಮನ ಕಾರು ಒಂದು ಬೈಕ್‌ಗೆ ತಾಗಿದೆ, ಪೊಲೀಸರು ಬಿಎನ್‌ಎಸ್ (ಐಪಿಸಿ ಬದಲು ಬಂದ ಹೊಸ ಅಪರಾಧ ಕಾನೂನು) 281, ಅಂದ್ರೆ ದುಡುಕಿ ಗಾಡಿ ಓಡಿಸಿದ್ದು ಅನ್ನೋ ಸೆಕ್ಷನ್ ಹಾಕಿದಾರೆ, ಅವನಿಗೆ ಯಾವ ಉದ್ದೇಶಾನೂ ಇರ್ಲಿಲ್ಲ, ಹಾಗಿದ್ಮೇಲೆ ಕ್ರೈಮ್ ಹೇಗಾಗುತ್ತೆ ಅಂತ ಕೇಳಿದೀರ. ತಾಲೂಕು ಕೋರ್ಟಲ್ಲಿ ಇಂಥ ಕೇಸ್ ಸುಮಾರು ನಡೆಸಿರೋನು ನಾನು, ಉದ್ದೇಶದ ಮಾತು ಮೊದಲು ಬಿಟ್ಬಿಡಿ. ಉದ್ದೇಶ ಇದ್ದಿದ್ರೆ ಕೊಲೆ ಯತ್ನ ಅಂತಾನೇ ಹಾಕ್ತಿದ್ರು.

ಹಳೇ ಐಪಿಸಿ 279 ಇತ್ತಲ್ಲ, ಅದೇ 2024 ಜುಲೈ 1ರಿಂದ 281 ಆಗಿರೋದು. ಅದು ಕೇಳೋದು ಜೀವಕ್ಕೆ ಅಪಾಯ ಆಗೋ ಥರ ಇಲ್ಲಾ ಯಾರಿಗಾದ್ರೂ ಪೆಟ್ಟಾಗೋ ಥರ ದುಡುಕಿದ್ನಾ ಅಥವಾ ನಿರ್ಲಕ್ಷ್ಯ ಮಾಡಿದ್ನಾ ಅಂತ ಅಷ್ಟೇ. ಘಾಟಿ ತಿರುವಲ್ಲಿ ಎದುರಿಂದ ಬಸ್ಸಿನ ಲೈಟ್ ಕಾಣ್ತಿದ್ರೂ, ಹೆಂಗೋ ನುಗ್ಗಿಬಿಡೋಣ ಅಂತ ಓವರ್‌ಟೇಕ್ ಮಾಡಿದ್ರೆ ದುಡುಕು. ಫೋನ್ ನೋಡ್ತಾ ಹಂಪ್ ಹತ್ರ ನಿಂತಿದ್ದ ಅಜ್ಜಿನ ಗಮನಿಸ್ಲೇ ಇಲ್ಲ ಅಂದ್ರೆ ನಿರ್ಲಕ್ಷ್ಯ, ಅಲ್ಲಿ ಮನಸ್ಸಲ್ಲಿ ಏನೂ ಇರ್ಲಿಲ್ಲ ಅನ್ನೋದೇ ಅವನು ಮಾಡಿದ ತಪ್ಪು, ಎಚ್ಚರ ಇರ್ಬೇಕಿತ್ತು.

ಇದರ ಮೇಲಿನ ಮೆಟ್ಟಿಲು 'ಹೀಗೆ ಮಾಡಿದ್ರೆ ಜನ ಸಾಯ್ಬಹುದು ಅಂತ ಗೊತ್ತಿತ್ತು' ಅನ್ನೋದು. 2006ರಲ್ಲಿ ಮುಂಬೈ ಕಾರ್ಟರ್ ರೋಡಲ್ಲಿ ಕುಡಿದು ಓಡಿಸಿ, ಮಲಗಿದ್ದ 7 ಜನ ಸತ್ರಲ್ಲ, ಅದ್ರಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ ಬರೀ ನಿರ್ಲಕ್ಷ್ಯದಿಂದ ಸಾವು ಅನ್ನೋ ಐಪಿಸಿ 304ಎ ಸಾಲಲ್ಲ ಅಂತ, ಸಾಯ್ಬಹುದು ಅಂತ ಗೊತ್ತಿದ್ದೂ ಮಾಡಿದ್ದಕ್ಕೆ ಹಾಕೋ 304 ಎರಡನೇ ಭಾಗವನ್ನೇ ಎತ್ತಿಹಿಡೀತು. ಆ ಸೆಕ್ಷನ್‌ಗೆ 10 ವರ್ಷದ ತನಕ ಜೈಲು ಇತ್ತು, ಕೊಟ್ಟಿದ್ದು ಮಾತ್ರ 3 ವರ್ಷ, ನನಗಂತೂ ಅದು ಕಮ್ಮಿ ಅನ್ಸುತ್ತೆ.

ನಿಮ್ಮ ತಮ್ಮನಿಗೆ ಉಪಯೋಗಕ್ಕೆ ಬರೋದು ಬೇರೆ ಕೇಸು, ನಮ್ಮ ಕರ್ನಾಟಕದ್ದೇ. ಲಾರಿ ಪಲ್ಟಿ ಆಗಿ ಜನ ಸತ್ತಿದ್ರು, ಸಾಕ್ಷಿಗಳೆಲ್ಲ 'ಜೋರಾಗಿ ಬಂತು' ಅಂದಿದ್ರು, ಹೈಕೋರ್ಟ್ ಡ್ರೈವರನ್ನ ಬಿಡುಗಡೆ ಮಾಡಿತ್ತು, 1998ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಒಪ್ಕೊಂಡು ಜೋರು ಅಂದ ಮಾತ್ರಕ್ಕೆ ದುಡುಕೂ ಅಲ್ಲ ನಿರ್ಲಕ್ಷ್ಯಾನೂ ಅಲ್ಲ ಅಂತು, ಆಕ್ಸಿಡೆಂಟ್ ಆಯ್ತು ಅಂತ ತಪ್ಪನ್ನ ಊಹಿಸೋ ಹಾಗಿಲ್ಲ, ಪ್ರಾಸಿಕ್ಯೂಷನ್‌ನೋರೇ ಸಾಬೀತು ಮಾಡ್ಬೇಕು. ಆ ಕೇಸಲ್ಲಿ ಗಾಡಿ ಚೆಕ್ ಮಾಡಿದ ಮೋಟಾರು ಇನ್‌ಸ್ಪೆಕ್ಟರ್‌ನ ಸಾಕ್ಷಿಗೇ ಕರೆದಿರ್ಲಿಲ್ಲ ನೋಡಿ.

ನಿಮ್ಮ ಎಫ್‌ಐಆರ್ ತೆಗೆದು ನೋಡಿ, 'ಅತಿವೇಗ ಮತ್ತು ನಿರ್ಲಕ್ಷ್ಯತನದಿಂದ ಚಲಾಯಿಸಿ' ಅಂತ ಇದ್ದೇ ಇರುತ್ತೆ, ಎಲ್ಲಾ ಠಾಣೆಲೂ ಅದೇ ಸಾಲು. ಪಾಟಿ ಸವಾಲಲ್ಲಿ ನಾನು ಒಬ್ಬರನ್ನ ಕೇಳಿದೆ, ಜೋರು ಅಂದ್ರೆ ಎಷ್ಟು? 'ಜೋರು ಸಾರ್.' ಗುದ್ದೋದಕ್ಕೂ ಮುಂಚೆ ಕಾರ್ ನೋಡಿದ್ರಾ? 'ಸದ್ದು ಕೇಳಿ ತಿರುಗಿ ನೋಡ್ದೆ.' ಅಲ್ಲಿಗೆ ಆ ಸಾಕ್ಷಿ ಮುಗೀತು.

ಅದಕ್ಕೇ ಸ್ಪಾಟ್ ಸ್ಕೆಚ್ಚು, ಮಹಜರು, ಗಾಡಿ ರಿಪೋರ್ಟು ಕಾಪಿ ತಗೊಳ್ಳಿ, ಬ್ರೇಕ್ ಮಾರ್ಕ್ ಎಲ್ಲಿತ್ತು, ಬೈಕ್ ಯಾವ ಕಡೆ ಬಿದ್ದಿತ್ತು ನೋಡಿ. 281 ರಾಜಿ ಆಗೋ ಸೆಕ್ಷನ್ ಅಲ್ಲ, ಹಾಗಾಗಿ 'ಒಪ್ಕೊಂಡು ಸಾವಿರ ಫೈನ್ ಕಟ್ಬಿಡು' ಅಂತ ಕೋರ್ಟ್ ಹೊರಗೆ ಯಾರಾದ್ರೂ ಹೇಳ್ತಾರೆ, ಒಪ್ಕೊಂಡ್ರೆ ಅದು ಅಪರಾಧಿ ಅಂತಾನೇ ದಾಖಲಾಗೋದು, ತಮ್ಮನಿಗೆ ಮೊದಲು ಚಾರ್ಜ್‌ಶೀಟ್ ಓದಕ್ಕೆ ಹೇಳಿ.