ಪೊಲೀಸ್ ಟ್ರೈನಿಂಗ್ ಆದ್ಮೇಲೆ ಬೇರೆ ಸರ್ಕಾರಿ ಕೆಲ್ಸ ಸಿಕ್ರೆ ಬಾಂಡ್ ದುಡ್ಡು ಕಟ್ಲೇಬೇಕಾ? ಈ ಬಾಂಡು ಕೋರ್ಟಲ್ಲಿ ನಿಲ್ಲಲ್ಲ ಅಂತಾರಲ್ಲ?

ನಾನು ಕಟ್ಟಿದೀನಿ. ಕಟ್ಟೋ ಅವಶ್ಯಕತೆನೇ ಇರ್ಲಿಲ್ಲ, ಆದ್ರೂ ಪೂರ್ತಿ ಕಟ್ಟಿದೀನಿ, ಅದಕ್ಕೇ ಬರೀತಿದೀನಿ.

ಕಾನ್‌ಸ್ಟೇಬಲ್ ಆಗೋಕೆ ಮುಂಚೆನೇ ಇನ್ನೊಂದು ಇಲಾಖೆಯ ಕ್ಲರ್ಕ್ ಪೋಸ್ಟಿಗೆ ಅರ್ಜಿ ಹಾಕಿ ಪರೀಕ್ಷೆ ಬರೆದಿದ್ದೆ, ಮರ್ತೂ ಹೋಗಿತ್ತು. ಟ್ರಂಕು ಹೊತ್ಕೊಂಡು ಟ್ರೈನಿಂಗ್ ಸ್ಕೂಲಿಗೆ ಹೋದ ದಿನವೇ ಛಾಪಾ ಕಾಗದದ ಮೇಲೆ ಸೈನ್ ಹಾಕಿಸ್ಕೊಂಡ್ರು, ಇಷ್ಟು ವರ್ಷದೊಳಗೆ ಬಿಟ್ರೆ ತರಬೇತಿ ಖರ್ಚು ವಾಪಸ್ ಕೊಡ್ತೀನಿ ಅಂತ, ಜಾಮೀನು ನಮ್ಮ ಸೋದರಮಾವ. ಯಾರು ಓದ್ತಾರೆ, ಹಿಂದೆ ಉದ್ದ ಲೈನು, ಮುಂದೆ ತಲೆ ಬೋಳಿಸೋಕೆ ಕಾಯ್ತಿರೋ ಕ್ಷೌರಿಕ.

ಎರಡು ವರ್ಷ ಆದ್ಮೇಲೆ ಆ ಹಳೇ ಪೋಸ್ಟಿನ ಲಿಸ್ಟಲ್ಲಿ ಹೆಸ್ರು ಬಂತು. ಸ್ಟೇಷನ್ನಲ್ಲಿ ಸೀನಿಯರ್ ಒಬ್ರು "ಬೇರೆ ಕೆಲ್ಸ ಅಂತ ಬರೀಬೇಡಪ್ಪ, ಫೈಲ್ ಎಲ್ಲೋ ಕೂತ್ಬಿಡುತ್ತೆ, ವೈಯಕ್ತಿಕ ಕಾರಣ ಅಂತ ಹಾಕು, ಬೇಗ ಬಿಡ್ತಾರೆ" ಅಂದ್ರು. ಹಾಗೇ ಬರೆದೆ. "ವೈಯಕ್ತಿಕ ಕಾರಣಗಳಿಂದ ರಾಜೀನಾಮೆ." ಬೇಗನೇ ಬಿಟ್ರು ಅನ್ನಿ.

ನಾನು ಹಾಳಾಗಿದ್ದು ಅಲ್ಲೇ. ಸೇರೋಕೆ ಮುಂಚೆ ಅರ್ಜಿ ಹಾಕಿದ್ದು ತಪ್ಪಲ್ಲ, ಆದ್ರೆ ಸೇರಿದ ಮೇಲೆ "ಇಂಥ ಪೋಸ್ಟಿಗೆ ಮೊದ್ಲೇ ಅರ್ಜಿ ಹಾಕಿದೀನಿ" ಅಂತ ಒಂದು ಪತ್ರ ಕೊಟ್ಟು, ಆಫೀಸಿಗೆ ಪತ್ರ ತಲುಪಿದೆ ಅನ್ನೋ ಇನ್‌ವರ್ಡ್ ಸೀಲು ಹಾಕಿಸ್ಕೋಬೇಕಿತ್ತು. ಸೆಲೆಕ್ಟ್ ಆದಾಗ ಆ ಪತ್ರ, ನೇಮಕಾತಿ ಆದೇಶ ಎರಡನ್ನೂ ಲಗತ್ತಿಸಿ "ಆ ಹುದ್ದೆಗೆ ಹಾಜರಾಗೋಕೆ ಬಿಡುಗಡೆ ಮಾಡಿ" ಅಂತ ಕೇಳ್ಬೇಕಿತ್ತು. ಹಂಗೆ ಅನುಮತಿ ತಗೊಂಡು ಹೋದ್ರೆ ಅದು ಟೆಕ್ನಿಕಲ್ ರೆಸಿಗ್ನೇಷನ್, ಹಿಂದಿನ ಸರ್ವೀಸೂ ಉಳಿಯುತ್ತೆ. ಕೇಂದ್ರ ಸರ್ಕಾರದ ನಿಯಮದಲ್ಲಂತೂ ಪ್ರಾಪರ್ ಚಾನೆಲ್ಲಲ್ಲಿ, ಅಂದ್ರೆ ಇಲಾಖೆಗೆ ತಿಳಿಸಿ ಅನುಮತಿ ತಗೊಂಡು, ಇನ್ನೊಂದು ಸರ್ಕಾರಿ ಕೆಲ್ಸಕ್ಕೆ ಹೋಗೋರ ಹತ್ರ ಬಾಂಡ್ ದುಡ್ಡು ವಸೂಲಿ ಮಾಡ್ಬೇಕಿಲ್ಲ, ಉಳಿದ ಅವಧಿಗೆ ಹೊಸ ಬಾಂಡ್ ಬರ್ಕೊಟ್ರೆ ಸಾಕು. ನನ್ ಬ್ಯಾಚಿನವನೊಬ್ಬ ಹಿಂಗೇ ಪತ್ರ ಕೊಟ್ಟು ಒಂದು ರೂಪಾಯಿ ಕಟ್ಟದೆ ಹೋದ. ನಾನು ಬರೆದ ಆ ಒಂದು ಸಾಲಿನಿಂದ ಇಲಾಖೆ ಲೆಕ್ಕದಲ್ಲಿ ಕೆಲ್ಸ ಬೇಡ ಅಂತ ಮನೆಗೆ ಹೋದವನಾದೆ.

ನೋಟಿಸು ಮೊದ್ಲು ಹೋಗಿದ್ದು ಮಾವನ ಮನೆಗೆ. ರಿಜಿಸ್ಟರ್ ಪೋಸ್ಟ್ ಕವರ್ ಒಡೀದೇನೆ ಹಿಡ್ಕೊಂಡು ಬಸ್ ಹತ್ತಿ ಬಂದಿದ್ರು, "ನೋಡಪ್ಪ, ಪೊಲೀಸ್ ಕಾಗ್ದ, ನಾನೇನ್ ಮಾಡಿದೀನಿ" ಅಂತ.

ಇನ್ನು ಕೋರ್ಟಲ್ಲಿ ನಿಲ್ಲಲ್ಲ ಅನ್ನೋ ಮಾತು. ನಾನೂ 1872ರ ಕಾಂಟ್ರ್ಯಾಕ್ಟ್ ಆಕ್ಟ್ 74ನೇ ಸೆಕ್ಷನ್ ಪ್ರಿಂಟ್ ಹಾಕ್ಕೊಂಡು ವಕೀಲರ ಹತ್ರ ಓಡಿದ್ದೆ, ನ್ಯಾಯವಾದ ಪರಿಹಾರ ಮಾತ್ರ ಕೊಟ್ರೆ ಸಾಕು ಅಂತಿದ್ಯಲ್ಲ ಅಂತ. ಅವ್ರು ಕೆಳಗಿನ ಎಕ್ಸೆಪ್ಷನ್ ತೋರಿಸಿದ್ರು: ಸರ್ಕಾರದ ಆದೇಶದ ಮೇಲೆ ಸಾರ್ವಜನಿಕ ಕರ್ತವ್ಯಕ್ಕೆ ಬಾಂಡ್ ಕೊಟ್ಟಿದ್ರೆ ಬರೆದಷ್ಟೂ ಮೊತ್ತ ಕಟ್ಬೇಕು. ಇದು ಅದ್ರಲ್ಲಿ ಬರುತ್ತೋ ಇಲ್ವೋ ಅಂತ ವಾದ ಮಾಡ್ಬಹುದು, ವರ್ಷಗಟ್ಟಲೆ. 2025ರ ಮೇನಲ್ಲಿ ಸುಪ್ರೀಂ ಕೋರ್ಟು ಸರ್ಕಾರಿ ಬ್ಯಾಂಕ್ ಅಧಿಕಾರಿಯೊಬ್ರ ಕೇಸಲ್ಲೂ ಮೂರು ವರ್ಷದೊಳಗೆ ಬಿಟ್ರೆ ಎರಡು ಲಕ್ಷ ಅನ್ನೋ ಬಾಂಡನ್ನ ಎತ್ತಿಹಿಡೀತು. ಹಾಗಾಗಿ ಬಾಂಡ್ ವಿರುದ್ಧ ಹೋರಾಡೋ ಯೋಚ್ನೆ ಬಿಡಿ, ನಿಮ್ಮ ರಾಜೀನಾಮೆ ಪತ್ರದಲ್ಲಿ ಏನಿರುತ್ತೆ ಅನ್ನೋದು ನೋಡಿ. ಸ್ಟೇಷನ್ ಸೀನಿಯರ್‌ಗಳ ಹತ್ರ ಮಾತ್ರ ಕೇಳ್ಬೇಡಿ ದಯವಿಟ್ಟು.

ಬಾಂಡ್ ಕಾಪಿ ನಿಮ್ಮ ಹತ್ರ ಇಲ್ದಿದ್ರೆ ನಾಳೆನೇ ಆಫೀಸಲ್ಲಿ ನಿಮ್ಮ ಫೈಲ್ ನೋಡ್ಕೊಳ್ಳೋ ಕೇಸ್ ವರ್ಕರ್ ಹತ್ರ ಒಂದು ಜೆರಾಕ್ಸ್ ಕೇಳಿ, ಕೊಡ್ಲಿಲ್ಲ ಅಂದ್ರೆ ಆರ್‌ಟಿಐ ಹಾಕಿ. ನಾನು ಸೈನ್ ಹಾಕಿದ್ದು ಏನಕ್ಕೆ ಅಂತ ನಾನೇ ಓದಿದ್ದು ಕೊನೇ ಕಂತು ಕಟ್ಟಿದ ಮೇಲೆ.